ಬೇಲಿಯ ಮೇಲಿನ ಹಳದಿ ಟವೆಲ್

ಫೆಬ್ರವರಿ 4

ಅಪ್ಪನಿಗೆ,

ನೀವು ದಿನಾ ನನ್ನ ವಿಚಾರ ಕೇಳುತ್ತೀರಂತೆ, ಅಣ್ಣ ಹೇಳಿದ. ಫೋನು ನಿಮಗೆ ಕೇಳಿಸುವುದಿಲ್ಲ. ಅವನ ಬಾಯಲ್ಲಿ ಹೇಳಿಸಿದರೆ ಅರ್ಧ ನುಂಗಿ ಹೇಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿದೆ. ಕಟ್ಟಡದ ಕೆಲಸ ನಡೆಯುವಲ್ಲಿ ಶಬ್ದ ಅಳೆಯುವುದು. ಹಳೆಯ ಗೋದಾಮೊಂದನ್ನು ಒಡೆದು ಹದಿನಾಲ್ಕು ಅಂತಸ್ತು ಎಬ್ಬಿಸುತ್ತಿದ್ದಾರೆ. ಸುತ್ತ ಮನೆಗಳು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಾತ್ರ ಯಂತ್ರ ನಡೆಯಬೇಕು, ಬೇಲಿಯ ಹತ್ತಿರ ಶಬ್ದ ಎಪ್ಪತ್ತೈದು ಡೆಸಿಬಲ್ ದಾಟಬಾರದು ಎನ್ನುವುದು ನಗರಸಭೆಯ ನಿಯಮ. ದಾಟಿತೋ ಇಲ್ಲವೋ ಎಂದು ನೋಡಿ ಬರೆದಿಡುವವಳು ನಾನು.

ಇಲ್ಲಿಯ ಮೇಸ್ತ್ರಿ ನಿಮ್ಮ ಹಳೆಯ ಜೊತೆಗಾರರಂತೆ. ಅರ್ಜಿಯಲ್ಲಿ ನಿಮ್ಮ ಹೆಸರು ನೋಡಿದ್ದೇ ತಡ, ಬೇರೇನೂ ಕೇಳಲಿಲ್ಲ. "ಅವನ ಮಗಳಾ ನೀನು? ನಾಳೆಯಿಂದಲೇ ಬಾ" ಅಂದರು. ನೀವೇನಾದರೂ ಹೇಳಿ ಕಳಿಸಿದ್ದಿರಾ? ಹಾಗಿದ್ದರೆ ನನಗೆ ಅದು ಇಷ್ಟವಾಗಲಿಲ್ಲ.

ಆರೋಗ್ಯ ನೋಡಿಕೊಳ್ಳಿ.

ಮಗಳು


ಫೆಬ್ರವರಿ 10

ಮಗಳೇ,

ನಿನ್ನ ಪತ್ರ ಬಂತು. ಪತ್ರವೋ ಕಚೇರಿಯ ನೋಟೀಸೋ ಎಂದು ಎರಡು ಸಲ ತಿರುಗಿಸಿ ನೋಡಿದೆ. ಆದರೂ ನಾಲ್ಕು ಸಲ ಓದಿದೆ.

ಮೂವತ್ತೊಂದು ವರ್ಷ ಬ್ರೇಕರ್ ಹಿಡಿದು ಕಾಂಕ್ರೀಟು ಒಡೆಯುತ್ತಾ ಊರಿನವರ ನೆಮ್ಮದಿ ಕೆಡಿಸಿದವನ ಮಗಳು ಶಬ್ದ ಅಳೆಯುವವಳು! ನಿನ್ನ ಅತ್ತಿಗೆಗೆ ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕದ್ದು ಕಂಡಿತು. ಆ ಜ್ವರ ಬಂದು ನನ್ನ ಕಿವಿ ಹೋದ ಮೇಲೆ ಈ ಮನೆಯಲ್ಲಿ ಎಲ್ಲರಿಗಿಂತ ನಾನೇ ಸುಖಿ. ಮೊಮ್ಮಕ್ಕಳು ಜುಟ್ಟು ಹಿಡಿದು ಜಗಳವಾಡಿದರೂ ನನಗೆ ಅದು ಮೂಕ ನಾಟಕ. ನಿನ್ನ ಅಣ್ಣ ಮಾತ್ರ ಏನಾದರೂ ಹೇಳಬೇಕಾದರೆ ಸ್ಲೇಟು ಹುಡುಕುತ್ತಾ ಮನೆಯಿಡೀ ತಿರುಗುತ್ತಾನೆ.

ಮೇಸ್ತ್ರಿಗೆ ನಾನು ಏನೂ ಹೇಳಿ ಕಳಿಸಿಲ್ಲ, ನಿನ್ನಾಣೆ. ನಾವಿಬ್ಬರೂ ಒಂದೇ ಗ್ಯಾಂಗಿನಲ್ಲಿದ್ದದ್ದು ನಿಜ. ಆಗ ಅವನು ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲ. ಈಗ ಹೊಟ್ಟೆ ಬಂದಿದೆಯೋ?

ಎಲ್ಲ ವಿವರವಾಗಿ ಬರೆ. ಮೀಟರ್ ಹೇಗಿದೆ? ಯಾವ ಜಾಗದಲ್ಲಿ ಇಡುತ್ತೀಯ? ಬ್ರೇಕರ್ ಹಿಡಿಯುವವನು ಯಾರು, ಹೇಗೆ ಹಿಡಿಯುತ್ತಾನೆ?

ಇನ್ನೊಂದು ಮಾತು. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು, ಕಿವಿ ಹಿಂಡಿ, 'ಅಪ್ಪ, ನೀನು ಆ ಕಡೆ ತಿರುಗು' ಅನ್ನುತ್ತಿದ್ದೆ. ನಿಮ್ಮಮ್ಮ ಹೋದ ಮೇಲೆ ನಾನು 'ನೀವು' ಆದೆ. ಯಾಕೆ ಎಂದು ಕೇಳುವ ಧೈರ್ಯ ಈ ಏಳು ವರ್ಷದಲ್ಲಿ ಬರಲಿಲ್ಲ. ಇರಲಿ ಬಿಡು.

ನಿನ್ನ ಅಪ್ಪ


ಫೆಬ್ರವರಿ 27

ಅಪ್ಪನಿಗೆ,

ಮೇಸ್ತ್ರಿಗೆ ಹೊಟ್ಟೆ ಬಂದಿದೆ. ಅವರಿಗಿಂತ ಎರಡು ಹೆಜ್ಜೆ ಮುಂದೆ ಅದೇ ಬರುತ್ತದೆ.

ಮೀಟರ್ ಮೊಣಕೈ ಉದ್ದ ಇದೆ. ತಲೆಗೆ ಕಪ್ಪು ಸ್ಪಂಜಿನ ಉಂಡೆ, ಗಾಳಿಯ ಸದ್ದು ಒಳಗೆ ಹೋಗದಿರಲೆಂದು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಉಂಡೆ ತೆಗೆದು ಪುಟ್ಟ ಡಬ್ಬಿಯೊಂದನ್ನು ಅದರ ತಲೆಗೆ ತೊಡಿಸುತ್ತೇನೆ. ಡಬ್ಬಿ ಒಂದೇ ಸಮ ಕೀ ಎನ್ನುತ್ತದೆ, ಮೀಟರ್ ತೊಂಬತ್ತನಾಲ್ಕು ತೋರಿಸಬೇಕು. ತೋರಿಸಿದರೆ ಅವತ್ತು ಅದರ ಮಾತು ನಂಬಬಹುದು. ಈ ಒಂದು ನಿಮಿಷ ನನಗೆ ಬಹಳ ಇಷ್ಟ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಸಲ ಕಾಲು ಗಂಟೆ ಅಳತೆ.

ಇಡುವ ಜಾಗ ನೀರಿನ ಟ್ಯಾಂಕಿನ ಹಿಂದೆ. ಮೇಸ್ತ್ರಿಯೇ ಸುಣ್ಣದಲ್ಲಿ ಗುರುತು ಹಾಕಿಕೊಟ್ಟಿದ್ದಾರೆ. "ಅಲ್ಲಿ ನೆರಳಿದೆ, ನಿನಗೂ ಒಳ್ಳೇದು, ಮೀಟರಿಗೂ ಒಳ್ಳೇದು" ಅಂದರು. ಅರವತ್ತೆಂಟು, ಎಪ್ಪತ್ತು, ಎಪ್ಪತ್ತೊಂದು. ಒಂದು ದಿನವೂ ಎಪ್ಪತ್ತೈದು ದಾಟಿಲ್ಲ.

ಆದರೂ ಬೇಲಿಗೆ ಅಂಟಿಕೊಂಡ ಮನೆಯ ಟೀಚರಮ್ಮ ವಾರಕ್ಕೆ ಎರಡು ಸಲ ದೂರು ಕೊಡುತ್ತಾರೆ. ನಿವೃತ್ತರಾಗಿದ್ದಾರೆ, ಎರಡನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಮೊನ್ನೆ ಗೇಟಿಗೆ ಬಂದು ನನ್ನನ್ನೇ ಹಿಡಿದರು. "ನಿನ್ನ ಮೀಟರಿಗೆ ಕಿವುಡೇನಮ್ಮ?" ಅಂದರು. ಕೂಲಿಯವರೆಲ್ಲ ನಕ್ಕರು, ನನಗೆ ಮುಖ ಎತ್ತಲಾಗಲಿಲ್ಲ.

ಬ್ರೇಕರ್ ಹಿಡಿಯುವವನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಾರೆ, ಅಷ್ಟುದ್ದ ಕುತ್ತಿಗೆ. ನಿಮ್ಮ ಹಾಗೆಯೇ ಎಡಗಾಲು ಮುಂದಿಟ್ಟು ನಿಲ್ಲುತ್ತಾನೆ. ರೀಡಿಂಗ್ ಕಡಿಮೆ ಇರುವಾಗ ಕಿವಿಮುಚ್ಚಳ ಯಾಕೆ ಎಂದು ಮೇಸ್ತ್ರಿ ತರಿಸಿಲ್ಲ. ಕೊಕ್ಕರೆ ಹತ್ತಿ ತುರುಕಿಕೊಳ್ಳುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಸ್ವಲ್ಪ ವಿಚಿತ್ರ. "ನಿಮ್ಮ ಮಗಳು ಯಾವ ಕ್ಲಾಸು?" ಎಂದು ಕೇಳಿದರೆ ನಕ್ಕು ತಲೆಯಾಡಿಸಿ ಹೊರಟುಹೋದ.

ಮೇಸ್ತ್ರಿಯದ್ದೂ ಒಂದು ವಿಚಿತ್ರ ಇದೆ. ನಾನು ಮೀಟರ್ ಹೊರಗೆ ತೆಗೆದ ಕೂಡಲೇ ಹೆಗಲ ಮೇಲಿನ ಹಳದಿ ಟವೆಲನ್ನು ಬೇಲಿಯ ಮೇಲೆ ಒಣಹಾಕುತ್ತಾರೆ. ಅದು ಒದ್ದೆಯೇ ಇರುವುದಿಲ್ಲ!

ಮಗಳು


ಮಾರ್ಚ್ 6

ಮಗಳೇ,

ಮೇಸ್ತ್ರಿ ತೋರಿಸಿದ ಜಾಗದಲ್ಲೇ ಮೀಟರ್ ಇಡು. ಹೊಸ ಕೆಲಸ, ಎಲ್ಲದರಲ್ಲೂ ಮೂಗು ತೂರಿಸಬೇಡ. ಟವೆಲು ಒಣಹಾಕಿದರೆ ನಿನಗೇನು?

ಆ ಕೊಕ್ಕರೆಯ ಹತ್ತಿರ ಮಾತಾಡುವಾಗ ಎದುರಿಗೆ ನಿಂತು ಮಾತಾಡು. ಪಕ್ಕದಿಂದ ಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಅಪ್ಪ


ಮಾರ್ಚ್ 21

ಅಪ್ಪನಿಗೆ,

ನಿಮ್ಮ ನಾಲ್ಕು ಸಾಲಿನ ಪತ್ರ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬ್ರೇಕರ್ ವಿಚಾರಕ್ಕೆ ನಾಲ್ಕೇ ಸಾಲು ಬರೆಯುವವರಲ್ಲ ನೀವು.

ಕಳೆದ ಬುಧವಾರ ಮೇಸ್ತ್ರಿ ಗೇಟಿನಲ್ಲಿ ಜಲ್ಲಿ ಲಾರಿಯವನ ಜೊತೆ ಜಗಳಕ್ಕೆ ನಿಂತಿದ್ದರು. ನಾನು ಮೀಟರ್ ಹೊರಗೆ ತೆಗೆದದ್ದನ್ನು ನೋಡಲಿಲ್ಲ. ಟವೆಲು ಬೇಲಿಗೆ ಬರಲಿಲ್ಲ. ಟ್ಯಾಂಕಿನ ಹಿಂದೆಯೇ ಎಂಬತ್ತನಾಲ್ಕು! ಮೀಟರ್ ಕೆಟ್ಟಿದೆ ಎಂದುಕೊಂಡು ಡಬ್ಬಿ ತೊಡಿಸಿ ಮತ್ತೆ ಪರೀಕ್ಷಿಸಿದೆ. ಸರಿಯಾಗಿ ತೊಂಬತ್ತನಾಲ್ಕೇ ತೋರಿಸಿತು. ಅಷ್ಟರಲ್ಲಿ ಮೇಸ್ತ್ರಿ ಏದುಸಿರು ಬಿಡುತ್ತಾ ಓಡಿಬಂದು ಟವೆಲು ಎಸೆದರು. ಅರ್ಧ ನಿಮಿಷದಲ್ಲಿ ಎಪ್ಪತ್ತಕ್ಕೆ ಇಳಿಯಿತು. ತಲೆಯೆತ್ತಿ ನೋಡಿದರೆ ಕೊಕ್ಕರೆ ಹಿಡಿ ಸಡಿಲಿಸಿ ಸುಮ್ಮನೆ ನಿಂತಿದ್ದಾನೆ, ಇನ್ನೆರಡು ಯಂತ್ರ ಬಂದ್ ಆಗಿವೆ. ಒಂದೂವರೆ ತಿಂಗಳಿಂದ ನಾನು ಅಳೆದದ್ದು ಟವೆಲನ್ನು ಮಾತ್ರ.

ಮರುದಿನ ಯಾರಿಗೂ ಹೇಳದೆ ಟೀಚರಮ್ಮನ ಮನೆಗೆ ಹೋಗಿ, ಅವರ ಕಿಟಕಿಯಲ್ಲಿ ಮೀಟರ್ ನಿಲ್ಲಿಸಿದೆ. ತೊಂಬತ್ತೊಂದು. ಮೇಜಿನ ಮೇಲಿದ್ದ ಲೋಟದಲ್ಲಿ ನೀರು ನಡುಗುತ್ತಿತ್ತು. ಟೀಚರಮ್ಮ ಏನೂ ಬೈಯಲಿಲ್ಲ. ಒಂದು ನೋಟ್‌ಬುಕ್ ತಂದು ಮುಂದಿಟ್ಟರು. ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಕಾಲು ಗಂಟೆ ಮಾತ್ರ ನಿಂತಿತು, ಎಲ್ಲ ದುಂಡನೆಯ ಅಕ್ಷರದಲ್ಲಿ ಇದೆ. ನಿಂತ ಹೊತ್ತೆಲ್ಲ ನನ್ನ ಅಳತೆಯ ಹೊತ್ತು.

ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದೆ. ಅವರಿಗೆ ಕೋಪವೇ ಬರಲಿಲ್ಲ, ನಕ್ಕರು. "ಈಗ ಗೊತ್ತಾಯ್ತಾ? ಈ ವಿದ್ಯೆ ನನಗೆ ಕಲಿಸಿದ್ದೇ ನಿನ್ನಪ್ಪ. ಟವೆಲು ಅವನ ತಲೆಯಿಂದ ಬಂದಿದ್ದು. ಇಲ್ದಿದ್ರೆ ಅನುಭವ ಇಲ್ದೋಳನ್ನ ನಾನು ಯಾಕೆ ತಗೋತಿದ್ದೆ ಹೇಳು? ಮನೇಲೇ ಕಲ್ತಿರ್ತೀಯ ಅಂದ್ಕೊಂಡೆ" ಅಂದರು.

ಎರಡು ತಿಂಗಳ ವರದಿಗೆ ಈ ಮೂವತ್ತೊಂದರಂದು ನಾನು ಸಹಿ ಹಾಕಬೇಕು. 'ಒಂದು ದಿನವೂ ಮಿತಿ ದಾಟಿಲ್ಲ' ಎಂದು ಸಹಿ ಬಿದ್ದರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಟೀಚರಮ್ಮನಿಗೆ ಇನ್ನೂ ಎರಡು ಗಂಟೆ, ಕೊಕ್ಕರೆಯ ಕಿವಿಗೂ ಇನ್ನೂ ಎರಡು ಗಂಟೆ. ಸಹಿ ಹಾಕದಿದ್ದರೆ ನಾನು ಮನೆಗೆ.

ಮೇಸ್ತ್ರಿ ಹೇಳಿದ್ದು ಹೌದೋ ಅಲ್ಲವೋ, ಒಂದು ಪದ ಬರೆಯಿರಿ. ಬರೀ ತಲೆಯಾಡಿಸಿದರೆ ಕಾಗದದಲ್ಲಿ ಕಾಣುವುದಿಲ್ಲ.

ಮಗಳು


ಮಾರ್ಚ್ 27

ಮಗಳೇ,

ಹೌದು.

ನೀನು ಒಂದೇ ಪದ ಕೇಳಿದ್ದೆ, ಕೊಟ್ಟಿದ್ದೇನೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಅನ್ನ ಇಳಿಯುವುದಿಲ್ಲ. ಉಳಿದದ್ದನ್ನೂ ಕೇಳು.

ಆ ಟವೆಲು ನಿಮ್ಮಮ್ಮ ತಂದುಕೊಟ್ಟದ್ದು. ಬೇರೆಯವರದ್ದರ ಜೊತೆ ಬೆರೆಯದಿರಲಿ ಎಂದು ಹಳದಿ ಬಣ್ಣದ್ದು ತಂದಿದ್ದಳು. ಒಮ್ಮೆ ಮೀಟರ್ ಹಿಡಿದ ಅಧಿಕಾರಿ ಬಂದು ಮೂರು ದಿನ ಕೆಲಸ ನಿಲ್ಲಿಸಿದ. ಮುಂದಿನ ಸಲ ಅವನು ಗೇಟಿನಲ್ಲಿ ಕಂಡಾಗ ನಾನು ಟವೆಲು ಬೇಲಿಗೆ ಹಾಕಿ ಎಲ್ಲರಿಗೂ ಸನ್ನೆ ಮಾಡಿದೆ. ಅವತ್ತು ಗ್ಯಾಂಗಿನವರು ನನ್ನನ್ನು ಎತ್ತಿ ಕುಣಿದರು. ನಾನೂ ಉಬ್ಬಿಹೋದೆ. ಅಧಿಕಾರಿಯ ಕಣ್ಣಿಗೆ ಮಣ್ಣೆರಚಿದೆವು ಎಂದುಕೊಂಡಿದ್ದೆವು. ನಮ್ಮಲ್ಲೂ ರೀಡಿಂಗ್ ಕಡಿಮೆಯೇ ಬರುತ್ತಿತ್ತು, ಹಾಗಾಗಿ ನಮಗೂ ಕಿವಿಮುಚ್ಚಳ ಬರಲಿಲ್ಲ. ಅದು ನನ್ನ ತಲೆಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ಇನ್ನೊಂದು ಸುಳ್ಳಿದೆ. ನನ್ನ ಕಿವಿ ಹೋದದ್ದು ಜ್ವರದಿಂದ ಅಲ್ಲ. ಜ್ವರ ಬಂದದ್ದು ನಿಮ್ಮಮ್ಮ ಹೋದ ಮರುವರ್ಷ. ಕಿವಿ ಅದಕ್ಕೂ ನಾಲ್ಕೈದು ವರ್ಷ ಮೊದಲೇ ಹೋಗಿತ್ತು. ಮೊದಲು ಕುಕ್ಕರಿನ ಸೀಟಿ ಹೋಯಿತು. ನಿಮ್ಮಮ್ಮ ಅಂಗಡಿಗೆ ಹೋಗುವಾಗ ಮೂರು ಸೀಟಿಗೆ ಇಳಿಸಿ ಎಂದು ಹೇಳಿ ಹೋದಳು. ನಾನು ಅದರ ಪಕ್ಕದಲ್ಲೇ ಕೂತಿದ್ದೆ, ಒಳಗಿದ್ದದ್ದೆಲ್ಲ ಸೀದು ಕರಕಲಾಯಿತು. ಆಮೇಲೆ ಕರೆಗಂಟೆ. ಆಮೇಲೆ ನಿಮ್ಮಮ್ಮನ ದನಿ. ಅವಳ ದನಿ ಮೊದಲೇ ಸಣ್ಣದು, ನಿನಗೆ ಗೊತ್ತಲ್ಲ.

ಹೇಳಿಕೊಳ್ಳಲಿಲ್ಲ. ಕಿವಿ ಕೇಳದವನ ಕೈಗೆ ಯಂತ್ರ ಕೊಡುವುದಿಲ್ಲ. ಅದೂ ಅಲ್ಲದೆ, ಶಬ್ದದಿಂದ ಕಿವಿ ಹೋಯಿತು ಎಂದರೆ ಇಷ್ಟು ವರ್ಷದ ರೀಡಿಂಗ್ ಎಲ್ಲ ಸುಳ್ಳು ಎಂದು ನಾನೇ ಒಪ್ಪಿದ ಹಾಗೆ. ನಿಮ್ಮಮ್ಮನಿಗೂ ಹೇಳಲಿಲ್ಲ. ಹೇಳಿದರೆ ಅವಳು ನೆಟ್ಟಗೆ ಕಂಪನಿಗೆ ಹೋಗಿ ಜಗಳ ತೆಗೆಯುತ್ತಿದ್ದಳು. ಕೆಲಸದಲ್ಲಿ ನಮಗೆ ಒಂದು ರೂಢಿ ಇತ್ತು. ಆ ಗಲಾಟೆಯಲ್ಲಿ ಯಾರು ಏನು ಹೇಳಿದರೂ ಕೇಳಿಸುವುದಿಲ್ಲ, ಹಾಗಾಗಿ ಎಲ್ಲದಕ್ಕೂ ನಕ್ಕು ತಲೆಯಾಡಿಸುವುದು. ಸರಿ, ಆಯಿತು, ಮುಂದೆ ನಡಿ ಎಂದು ಅರ್ಥ. ಅದನ್ನೇ ಮನೆಗೂ ತಂದೆ. ಅವಳು ಏನು ಹೇಳಿದರೂ ತಲೆಯಾಡಿಸಿದೆ. ಬೆನ್ನ ಹಿಂದಿನಿಂದ ಕರೆದರೆ ಓಗೊಡಲಿಲ್ಲ. ಬರಬರುತ್ತಾ ಅವಳು ಕರೆಯುವುದನ್ನೇ ಬಿಟ್ಟಳು.

ನಿನ್ನನ್ನು ಒಂದು ಕೇಳಬೇಕು. ಆಸ್ಪತ್ರೆಯಲ್ಲಿ ಕೊನೆಯ ದಿನ ಮಧ್ಯಾಹ್ನ ಅವಳು ನನ್ನ ಕೈ ಹಿಡಿದು ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು. ಒಂದಕ್ಷರವೂ ಕೇಳಿಸಲಿಲ್ಲ. ನಾನು ನಕ್ಕು ತಲೆಯಾಡಿಸಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಿಗ್ಗೆ ಇರಲಿಲ್ಲ. ನೀನು ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದೆ. ಅಂದಿನಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ.

ಅವಳು ಏನು ಕೇಳಿದಳು?

ಸಹಿಯ ವಿಚಾರದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಮೇಸ್ತ್ರಿ ಹೇಳಿದ ಜಾಗದಲ್ಲೇ ಇಡು ಎಂದು ಬರೆದವನೂ ನಾನೇ. ನಿನ್ನ ಕೆಲಸ ಹೋಗುತ್ತದೆ ಎಂದು ಹೆದರಿ ಹಾಗೆ ಬರೆದೆ. ಅದಕ್ಕಿಂತ ಹೆಚ್ಚಾಗಿ ನನ್ನ ಬಣ್ಣ ಬಯಲಾಗುತ್ತದೆ ಎಂದು ಹೆದರಿದ್ದೆ.

ಅಪ್ಪ


ಏಪ್ರಿಲ್ 9

ಅಪ್ಪ,

ಮೊದಲು ಕೆಲಸದ ವಿಚಾರ ಬರೆಯುತ್ತೇನೆ. ಇನ್ನೊಂದು ಬರೆಯಲು ಕೈ ಓಡುತ್ತಿಲ್ಲ.

ನಿನ್ನ ಪತ್ರ ಮೂವತ್ತಕ್ಕೆ ಬಂತು. ಮರುದಿನ ವರದಿಯಲ್ಲಿ ಎರಡು ಸಾಲು ಸಂಖ್ಯೆ ಬರೆದೆ. ಒಂದು ಸಾಲು ಟವೆಲು ಬೇಲಿಯ ಮೇಲಿದ್ದಾಗಿನದ್ದು, ಇನ್ನೊಂದು ಇಲ್ಲದಾಗಿನದ್ದು. ಕೆಳಗೆ ಸಹಿ ಹಾಕಿ ಒಂದು ಪ್ರತಿ ಮೇಸ್ತ್ರಿಗೆ, ಒಂದು ನಗರಸಭೆಗೆ ಕೊಟ್ಟೆ. ಮೇಸ್ತ್ರಿ ಓದಿ ಕಾಗದವನ್ನು ನಿಧಾನವಾಗಿ ಮಡಚಿದರು. "ನಿನ್ನಪ್ಪನ ಮರ್ಯಾದೆ ತೆಗೆದೆಯಲ್ಲಮ್ಮ" ಎಂದಷ್ಟೇ ಹೇಳಿದರು.

ಬ್ರೇಕರ್ ಕೆಲಸ ಒಂದು ವಾರದಿಂದ ನಿಂತಿದೆ. ನಾನು ಬಂದರೆ ಎಲ್ಲರೂ ಎದ್ದು ಬೇರೆ ಕಡೆ ಹೋಗಿ ಕೂರುತ್ತಾರೆ. ಕೊಕ್ಕರೆಯೂ ಅಷ್ಟೇ, ನನ್ನನ್ನು ಕಂಡರೆ ಕೆಂಡ ಕಾರುತ್ತಾನೆ. ನಗರಸಭೆಯವರು ಅವನ ಕಿವಿ ಪರೀಕ್ಷೆ ಮಾಡಿಸಿದರು. ಎಡಗಿವಿ ಅರ್ಧ ಹೋಗಿದೆ, ಬಲಗಿವಿ ಅದರ ಹಿಂದೆಯೇ ಹೊರಟಿದೆ. ಅವನಿಗೆ ಮೂವತ್ತನಾಲ್ಕು ವರ್ಷ. ನಾನು ಎದುರಿಗೆ ನಿಂತು ನಿಧಾನವಾಗಿ, "ಮಗಳು ಯಾವ ಕ್ಲಾಸು?" ಎಂದು ಮತ್ತೆ ಕೇಳಿದೆ. ನನ್ನ ತುಟಿ ನೋಡಿ "ಒಂದನೇ ಕ್ಲಾಸು" ಅಂದ. ಆಮೇಲೆ ಮುಖ ತಿರುಗಿಸಿದ.

ಇಪ್ಪತ್ತೊಂದರಂದು ನಗರಸಭೆಯಲ್ಲಿ ವಿಚಾರಣೆ. ಟವೆಲು ಗಿವೆಲು ಏನೂ ಇಲ್ಲ, ಹುಡುಗಿ ಹಟಕ್ಕೆ ಬಿದ್ದು ಮೀಟರನ್ನು ಬೇಕಾದ ಕಡೆ ಇಟ್ಟಿದ್ದಾಳೆ ಎಂದು ಕಂಪನಿಯವರು ಬರೆದುಕೊಟ್ಟಿದ್ದಾರೆ. ಟೀಚರಮ್ಮನ ನೋಟ್‌ಬುಕ್ಕಿದೆ. ಆದರೆ ಅವರು ಟವೆಲು ಕಂಡವರಲ್ಲ. ಕಂಡವರು ಯಾರೂ ಬಾಯಿ ಬಿಡುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ, ಅಪ್ಪ.

ಇನ್ನು ಅಮ್ಮನ ವಿಚಾರ.

ಇದಕ್ಕೆ ಮೊದಲು ಎರಡು ಹಾಳೆ ಬರೆದು ಹರಿದೆ. ಒಂದರಲ್ಲಿ, ನಿನಗೆ ಊಟವಾಯಿತೇ ಎಂದು ಅಮ್ಮ ಕೇಳಿದಳು ಎಂದು ಬರೆದಿದ್ದೆ. ಇನ್ನೊಂದರಲ್ಲಿ, ಮಕ್ಕಳನ್ನು ನೋಡಿಕೊಳ್ಳಿ ಅಂದಳು ಎಂದಿತ್ತು. ನೀನು ನಂಬುತ್ತಿದ್ದೆ. ಮೀಟರಿಗೆ ಸುಳ್ಳು ಹೇಳಿಸುವುದಿಲ್ಲ ಎಂದು ಹಟ ಹಿಡಿದವಳು, ನಿನಗೊಂದು ಸುಳ್ಳು ಬರೆದು ಹೇಗೆ ಕಳಿಸಲಿ?

ಅಮ್ಮ ಕೇಳಿದ್ದು ಇಷ್ಟು. "ನನ್ನ ಮೇಲೆ ನಿಮಗೆ ಬೇಸರ ಅಲ್ವಾ? ಅದಕ್ಕೇ ಇಷ್ಟು ವರ್ಷ ನನ್ನ ಹತ್ರ ಮಾತು ಬಿಟ್ರಾ?"

ನೀನು ನಗುತ್ತಾ ಹೌದೆಂದು ತಲೆಯಾಡಿಸಿದೆ.

ಇಂಥ ಕಲ್ಲು ಮನಸ್ಸಿನವನು ನನ್ನಪ್ಪನೇ ಎಂದು ಏಳು ವರ್ಷ ಹಲ್ಲು ಕಚ್ಚಿಕೊಂಡು ಬದುಕಿದೆ. ನಿನ್ನ ಪತ್ರ ಓದಿದ ದಿನ ಕೊಠಡಿಯ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಅದನ್ನೇ ಮತ್ತೆ ಮತ್ತೆ ಓದಿದೆ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ ಎಂದು ಗೊತ್ತಾಗಲಿಲ್ಲ. ಈಗಲೂ ನಿನ್ನ ಮೇಲೆ ಕೋಪ ಪೂರ್ತಿ ಹೋಗಿಲ್ಲ. ಒಂದು ಮಾತು ಅವಳಿಗೆ ಹೇಳಬಾರದಿತ್ತೇ?

ನಿನ್ನ ಮಗಳು


ಏಪ್ರಿಲ್ 14

ಮಗಳೇ,

ಇಲ್ಲ.

ಬೇಸರ ಇರಲಿಲ್ಲ. ಒಂದು ದಿನವೂ ಇರಲಿಲ್ಲ. ಇದು ನಿಮ್ಮಮ್ಮನಿಗೆ ನನ್ನ ಉತ್ತರ. ಅವಳಿಗೆ ತಲುಪಿಸಲು ವಿಳಾಸವಿಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ನಿನ್ನ ಪತ್ರ ಓದಿ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಎಷ್ಟು ಜೋರಾಗಿ ಅತ್ತೆನೋ ಗೊತ್ತಿಲ್ಲ. ನಿನ್ನ ಅಣ್ಣ ಸ್ನಾನದಿಂದ ಅರ್ಧಕ್ಕೇ ಎದ್ದು ಓಡಿಬಂದ, ಮೈಮೇಲೆ ಸೋಪು ಹಾಗೇ ಇತ್ತು. ಜೋರಾಗಿಯೇ ಇದ್ದಿರಬೇಕು. ಅವನಿಗೂ ಎಲ್ಲ ಹೇಳಿದೆ.

ಊಟವಾಯಿತೇ ಎಂದು ಕೇಳಿದಳು ಎಂದು ನೀನು ಬರೆದಿದ್ದರೆ ನಂಬುತ್ತಿದ್ದೆ. ನಂಬಿ, ಚೆನ್ನಾಗಿ ಉಂಡು, ಸುಖವಾಗಿ ಸಾಯುತ್ತಿದ್ದೆ. ನಿಜವನ್ನೇ ಬರೆದೆ. ನೀನು ಮಾಡಿದ್ದು ಸರಿ. ಅವಳಿಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ್ದೀಯ. ಹೇಳಬೇಕಿತ್ತು. ಕೋಪ ಇಟ್ಟುಕೋ, ನನಗಾಗಿ ಬಿಡಬೇಡ.

ಇಪ್ಪತ್ತರ ಮಧ್ಯಾಹ್ನ ಬಸ್ಸಿಗೆ ಬರುತ್ತಿದ್ದೇನೆ. ನಿನ್ನ ಅಣ್ಣ ತಾನೂ ಬರುತ್ತೇನೆಂದು ಸ್ಲೇಟಿನಲ್ಲಿ ಬರೆದ, ಬೇಡವೆಂದೆ. ಹಳೆಯ ಟವೆಲು ಪೆಟ್ಟಿಗೆಯ ತಳದಲ್ಲಿತ್ತು. ಬಣ್ಣ ಹೋಗಿದೆ, ಆದರೂ ಹಳದಿ ಎಂದು ಗೊತ್ತಾಗುತ್ತದೆ. ಅದನ್ನು ವಿಚಾರಣೆಯ ಮೇಜಿನ ಮೇಲೆ ಇಡುತ್ತೇನೆ. ಈ ವಿದ್ಯೆ ಶುರು ಮಾಡಿದವನು ನಾನು, ಇದರಿಂದ ಕಿವಿ ಕಳೆದುಕೊಂಡವನೂ ನಾನು ಎಂದು ಹೇಳುತ್ತೇನೆ. ಬೇಕಾದರೆ ನನ್ನ ಕಿವಿಯನ್ನೂ ಪರೀಕ್ಷೆ ಮಾಡಲಿ. ಮೇಸ್ತ್ರಿಯ ಎದುರೇ ಹೇಳುತ್ತೇನೆ. ಅವನು ನನ್ನ ಸ್ನೇಹಿತ, ಅವನಿಗೂ ನೋವಾಗುತ್ತದೆ. ನಿನ್ನ ಕೆಲಸ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕೊಕ್ಕರೆಯನ್ನೂ ಒಮ್ಮೆ ಕಾಣಬೇಕು. ಹೆಂಡತಿಗೆ ಇವತ್ತೇ ಹೋಗಿ ಹೇಳು ಎಂದು ಅವನಿಗೆ ಹೇಳಬೇಕು.

ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಕರೆಯಬೇಡ, ಎದುರಿಗೆ ಬಂದು ನಿಲ್ಲು. ನಿಧಾನವಾಗಿ ಮಾತಾಡು. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುತ್ತೇನೆ, ಹತ್ತು ಸಲ ಬೇಕಾದರೂ ಕೇಳುತ್ತೇನೆ. ನಿನಗೆ ಸಾಕಾಗಿಹೋಗಬಹುದು. ಆದರೆ ಇನ್ನು ಸುಮ್ಮನೆ ತಲೆಯಾಡಿಸುವುದಿಲ್ಲ.

ನಿನ್ನ ಅಪ್ಪ